ಉತ್ತರದ ಗುಡ್ಡದ ಚುಕ್ಕಿಗಳು

ಭಾನುವಾರ, ಬೆಳಿಗ್ಗೆ

ನನ್ನ ಕಲ್ಲುರಾಯರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀವು ಎಲ್ಲಿದ್ದೀರಿ, ಎಷ್ಟು ನಡೆದಿರಿ, ಯಾವ ಹಳ್ಳದ ಪಕ್ಕ ಕಲ್ಲು ಒಡೆದಿರಿ, ಎಲ್ಲವೂ ನನಗೆ ಗೊತ್ತು. ಗಂಡ ಎಲ್ಲೆಲ್ಲಿ ಹೋಗುತ್ತಾನೆಂದು ಇಷ್ಟು ಕರಾರುವಾಕ್ಕಾಗಿ ಬಲ್ಲ ಹೆಂಡತಿ ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ನಿಮ್ಮ ಜಿಪಿಎಸ್‌ನ ದಾಖಲೆ ವಾರಕ್ಕೊಮ್ಮೆ ಸಾಮಾನಿನ ಲಾರಿಯಲ್ಲಿ ಕಚೇರಿಗೆ ಬರುತ್ತದಲ್ಲ, ಅದನ್ನು ನಕ್ಷೆಗೆ ಇಳಿಸುವವಳು ನಾನೇ. ಆದರೆ ಅಲ್ಲಿ ನೀವು ಬರೀ ಚುಕ್ಕಿ. ಚುಕ್ಕಿಗೆ ಕೆಮ್ಮು ವಾಸಿಯಾಯಿತೋ, ಹೊತ್ತಿಗೆ ಸರಿಯಾಗಿ ಊಟ ಮಾಡಿತೋ ತಿಳಿಯುವುದಿಲ್ಲ.

ಈಗ ನಿಮ್ಮ ತಾಮ್ರ ಹುಡುಕುವ ಯೋಜನೆಯ ಸ್ಥಳ ನಕ್ಷೆಯ ಕೆಲಸ ನಡೆದಿದೆ. ಮೂಲೆಯ ಪುಟ್ಟ ಚೌಕದಲ್ಲಿ ಇಡೀ ದೇಶ, ಅದರೊಳಗೊಂದು ಕೆಂಪು ಗುರುತು. ದೊಡ್ಡ ಚೌಕದಲ್ಲಿ ರಸ್ತೆ, ಹೊಳೆ, ರೈಲು ಹಳಿ, ಕ್ಯಾಂಪು. ದುಡ್ಡು ಹಾಕುವವರಿಗೆ ದಾರಿ ಎದ್ದು ಕಾಣಬೇಕೆಂದು ಮ್ಯಾನೇಜರು ನಿಮ್ಮ ಜೀಪಿನ ದಾರಿಯನ್ನು ಮತ್ತೆ ಮತ್ತೆ ದಪ್ಪ ಮಾಡಿಸಿದರು. ಈಗ ಅದು ಹೆದ್ದಾರಿಯ ಹಾಗಿದೆ. ಇಷ್ಟು ಒಳ್ಳೆಯ ದಾರಿ ಇಟ್ಟುಕೊಂಡು ನೀವು ಮನೆಗೆ ಯಾಕೆ ಬರುವುದಿಲ್ಲವೋ!

ಇರಲಿ, ಜಗಳಕ್ಕೆಂದು ಬರೆಯುತ್ತಿಲ್ಲ. ನನ್ನನ್ನೊಂದು ಮಾತೂ ಕೇಳದೆ ಇನ್ನೊಂದು ವರ್ಷ ಅಲ್ಲೇ ಇರಲು ಒಪ್ಪಿಕೊಂಡಿರಿ. ಹಾಗಾದರೆ ಇನ್ನು ಫೋನೂ ಮಾಡಬೇಡಿ ಎಂದೆ. ಸಿಟ್ಟಿನಲ್ಲಿ ಬಂದ ಮಾತು. ಗ್ಯಾಸ್ ಮುಗಿದಿದೆ ಎಂದರೆ ಬಾಗಿಲು ದಾಟುವಷ್ಟರಲ್ಲಿ ಮರೆಯುವ ನೀವು, ಇದೊಂದನ್ನು ಮಾತ್ರ ಚಾಚೂತಪ್ಪದೆ ಪಾಲಿಸಿದಿರಿ. ಮಳೆ ಹೋಗಿ ಚಳಿ ಬಂತು, ಫೋನು ಬಾಯಿ ಬಿಡಲಿಲ್ಲ. ಮಾತಾಡುವವರಿಲ್ಲದೆ ನಾನು ಕುಕ್ಕರಿಗೆ ಉತ್ತರ ಕೊಡಲು ಶುರುಮಾಡಿದ್ದೇನೆ. ಪಕ್ಕದ ಮನೆಯ ಅಜ್ಜಿ ಯಾರು ಬಂದಿದ್ದಾರೆ ಎಂದು ವಿಚಾರಿಸಿದರು. ನೆಂಟರು ಎಂದೆ.

ಆದರೆ ರಾಯರೇ, ನಿಮ್ಮ ಗುಟ್ಟು ನನ್ನ ಕೈಗೆ ಸಿಕ್ಕಿದೆ. ವಾರವೆಲ್ಲ ನಿಮ್ಮ ಚುಕ್ಕಿಗಳು ಗೆರೆ ಹೊಡೆದಂತೆ ಸಾಲಾಗಿರುತ್ತವೆ. ಭಾನುವಾರ ಮಾತ್ರ ತಾಮ್ರಕ್ಕೂ ತಮಗೂ ಸಂಬಂಧವಿಲ್ಲದ ಹಾಗೆ ಕ್ಯಾಂಪಿನಿಂದ ಹೊರಟು ಉತ್ತರದ ಗುಡ್ಡ ಹತ್ತುತ್ತವೆ. ತುದಿಯಲ್ಲಿ ಒಂದರ ಮೇಲೊಂದು ಬಿದ್ದು ಗುಂಪಾಗುತ್ತವೆ, ಅಂದರೆ ಹತ್ತಿದವರು ಅಲ್ಲಿ ಬಹಳ ಹೊತ್ತು ನಿಂತಿದ್ದಾರೆ. ಆಮೇಲೆ ಇಳಿಯುತ್ತವೆ. ಇಂಥ ದಾರಿ ಬಿಟ್ಟ ಚುಕ್ಕಿಗಳನ್ನು ಅಳಿಸುವುದೇ ನನ್ನ ಕೆಲಸ. ಅಳಿಸುವ ಮೊದಲು ಲಾರಿಯವನನ್ನು ಕೇಳಿದೆ, ಆ ಗುಡ್ಡದಲ್ಲಿ ಏನಿದೆ ಎಂದು. ಏನೂ ಇಲ್ಲವಂತೆ. ಸುತ್ತಮುತ್ತ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರವಂತೆ.

ಕಚೇರಿಯಲ್ಲೇ ಕಣ್ಣು ತುಂಬಿ ಬಂತು. ವಾರವಾರ ಅಷ್ಟು ಹತ್ತಿ, ಫೋನು ಕೈಯಲ್ಲಿ ಹಿಡಿದು, ಬೇಡ ಎಂದಿದ್ದಾಳಲ್ಲ ಎಂದು ಹಾಗೇ ಇಳಿದು ಹೋಗುತ್ತೀರಿ. ದಡ್ಡರು ನೀವು. ನಾನೂ ಭಾನುವಾರ ಬಟ್ಟೆ ಒಗೆಯುವಾಗ ಫೋನನ್ನು ಎದುರಿನ ಕಿಟಕಿಯಲ್ಲೇ ಇಟ್ಟುಕೊಂಡಿರುತ್ತೇನೆ.

ಇನ್ನೊಂದು ವಿಷಯ. ಬಂದರು ಊರಿನ ದೊಡ್ಡ ಕಚೇರಿಗೆ ವರ್ಗವಾಗಿ ಹೋಗುತ್ತೀರಾ ಎಂದು ಮ್ಯಾನೇಜರು ಕೇಳಿದ್ದರು. ಈ ಮನೆಯಲ್ಲಿ ಒಬ್ಬಳೇ ಗೋಡೆ ನೋಡುವುದಕ್ಕಿಂತ ನಾಲ್ಕು ಜನರ ನಡುವೆ ಇರಬಹುದೆಂದು ಒಪ್ಪಿಕೊಳ್ಳುವುದರಲ್ಲಿದ್ದೆ. ಆ ಚುಕ್ಕಿಗಳನ್ನು ಕಂಡ ಮೇಲೆ ಮನಸ್ಸು ಬರಲಿಲ್ಲ. ಬೇಡ ಎಂದುಬಿಟ್ಟೆ. ನನಗಾಗಿ ಗುಡ್ಡ ಹತ್ತುವವರಿಗೆ ನಾನು ಇದ್ದಲ್ಲೇ ಇರಬೇಡವೇ? ಫೋನು ಮಾಡಬೇಡಿ ಎಂದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಮಾಡಿ.

ಇಂತಿ,
ಕಿಟಕಿಯ ಪಕ್ಕದಲ್ಲೇ ಇರುವ
ನಿಮ್ಮ ನಕ್ಷೆಯವಳು

ತಾ.ಕ.: ಸಹಿ ಹಾಕುತ್ತಿದ್ದ ಹಾಗೇ ಫೋನು ಬಂತು. ಗೊತ್ತಿಲ್ಲದ ನಂಬರು. ಕುರ್ಚಿ ಬಿದ್ದದ್ದೂ ಅರಿವಾಗದೆ ಓಡಿದೆ. ನಿಮ್ಮ ಜೀಪಿನ ಡ್ರೈವರು. ನಕ್ಷೆಯಲ್ಲಿ ಬರೆಯಲು ಆ ಗುಡ್ಡದ ಹೆಸರು ಬೇಕೆಂದು ಲಾರಿಯವನ ಕೈಲಿ ನಂಬರು ಕೊಟ್ಟು ಕಳಿಸಿದ್ದೆ, ಅದಕ್ಕೆ. ಹೆಸರೇನೂ ಇಲ್ಲ ಅಕ್ಕಾ, ನಾವು ಫೋನ್ ಗುಡ್ಡ ಅಂತೀವಿ ಅಷ್ಟೆ ಎಂದ. ಸಾಹೇಬರೂ ಜೊತೆಗಿದ್ದಾರಾ ಎಂದು ಕೇಳಿದೆ. ಅವರೆಲ್ಲಿ ಬರ್ತಾರೆ ಅಕ್ಕಾ, ಭಾನುವಾರ ಟೆಂಟಲ್ಲೇ ಮಲಗಿರ್ತಾರೆ, ವಾರವಾರ ನಾನೊಬ್ಬನೇ ಹತ್ತೋದು, ಮಗಳ ಹತ್ರ ಮಾತಾಡ್ಬೇಕಲ್ಲ, ಮಂಜಲ್ಲಿ ದಾರಿ ತಪ್ಪಬಾರ್ದು ಅಂತ ಸಾಹೇಬರ ಜಿಪಿಎಸ್ ಜೇಬಲ್ಲಿ ಹಾಕ್ಕೊಂಡು ಬರ್ತೀನಿ ಎಂದ. ಅವನ ಮಗಳು ಶಾಲೆಯ ಓಟದಲ್ಲಿ ಮೊದಲು ಬಂದಳಂತೆ. ತುಂಬಾ ಸಂತೋಷ ಎಂದೆ.

ಹರಿದು ಹಾಕೋಣವೆಂದು ಈ ಕಾಗದವನ್ನು ಎತ್ತಿಕೊಂಡೆ. ಕೈ ಬರಲಿಲ್ಲ. ಮ್ಯಾನೇಜರಿಗೆ ಹೇಳಿದ್ದು ಹೇಳಿಯಾಯಿತು, ನನ್ನ ಬದಲು ಬೇರೊಬ್ಬಳನ್ನು ಆರಿಸಿಯೂ ಆಯಿತು. ನಕ್ಷೆಯ ಒಂದು ಪ್ರತಿಯನ್ನು ಇದರ ಜೊತೆ ಮಡಚಿ ಇಟ್ಟಿದ್ದೇನೆ. ಕ್ಯಾಂಪಿನಿಂದ ಉತ್ತರಕ್ಕೆ ಒಂದು ಗುಡ್ಡವನ್ನು ಗುರುತು ಮಾಡಿದ್ದೇನೆ, ನೋಡಿ. ಅಲ್ಲಿ ಸಿಗ್ನಲ್ ಸಿಗುತ್ತದೆ. ನಿಮಗೆ ಗೊತ್ತಿಲ್ಲದಿರಬಹುದು.