ಮನೆಯೊಳಗೆ ಆವು

ಟೇಕಲ್ ರಸ್ತೆ, ಸೈಟ್ ಆಫೀಸು
೧೮ ಮೇ ೨೦೨೫, ಭಾನುವಾರ

ಸೌಭಾಗ್ಯವತಿ ಮಗಳು ಶ್ರೀವಾಣಿಗೆ ಅಪ್ಪನ ಆಶೀರ್ವಾದ.

ನಾನು, ನಿನ್ನಮ್ಮ ಚೆನ್ನಾಗಿದ್ದೇವೆ. ನೀನು, ಅಳಿಯ ಅಮರನಾಥ್, ಮಗು ಚಂದನ ಚೆನ್ನಾಗಿದ್ದೀರೆಂದು ಅಂದುಕೊಂಡಿದ್ದೇನೆ. ಯುಗಾದಿಗೆ ನೀನು ಫೋನ್ ಮಾಡಿ ಆರೋಗ್ಯ ವಿಚಾರಿಸಿದ್ದೆ. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಈ ಕಾಲದಲ್ಲಿ ಕಾಗದ ಯಾಕಪ್ಪಾ ಅಂತೀಯ. ಫೋನಿನಲ್ಲಿ ಎರಡನೇ ಮಾತಿಗೇ ನಾನು ಕೂಗಾಡುತ್ತೇನೆ, ಮೂರನೇ ಮಾತಿಗೆ ನೀನು ‘ಬ್ಯಾಂಕಲ್ಲಿದ್ದೀನಪ್ಪಾ, ಆಮೇಲ್ ಮಾಡ್ತೀನಿ’ ಅಂತ ಇಟ್ಟುಬಿಡುತ್ತೀಯ. ಕಾಗದದಲ್ಲಿ ಬೈಯುವುದಕ್ಕೆ ಕೈ ನೋಯುತ್ತದೆ. ಅದಕ್ಕೇ ಇದು ವಾಸಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ಒಳ್ಳೆಯ ಸುದ್ದಿ. ಟೇಕಲ್ ರಸ್ತೆಯ ನಮ್ಮ ಅರವತ್ತು ಮನೆಗಳಿಗೆ ಕಡೆಗೂ ಜನ ಬಂದರು. ಎದೆಯ ಮೇಲಿದ್ದ ಚಪ್ಪಡಿ ಇಳಿಯಿತು.

ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ; ನೀನು ಯಾವತ್ತೂ ಪೂರ್ತಿ ಕೇಳಿಸಿಕೊಂಡವಳಲ್ಲ. ಇದೇ ಟೇಕಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸೆಂಟ್ರಿಂಗ್ ಕೂಲಿಗೆ ನಿಂತವನು ನಾನು. ಹಲಗೆ ಹೊತ್ತೆ, ಮೇಸ್ತ್ರಿಯಾದೆ, ಕಂಟ್ರಾಕ್ಟರಾದೆ. ವರ್ತೂರು ಕಡೆ ನಾಲ್ಕು ಮಹಡಿ ಎಬ್ಬಿಸಿದೆ, ಆಮೇಲೆ ಹದಿನಾಲ್ಕು. ಬೋರ್ಡು ಬರೆಯುವವನು “ಹೆಸರಿನ ಮುಂದೆ ಡೆವಲಪರ್ಸ್ ಅಂತ ಸೇರಿಸ್ಲಾ ಸಾರ್?” ಅಂದಾಗ, “ಏನ್ಲಾ ಅದು, ಅದಕ್ಕೂ ದುಡ್ಡು ಕೇಳ್ತೀಯಾ?” ಅಂದಿದ್ದೆ. ಆ ಪದ ಸೇರಿದ ಮೇಲೆ ಬ್ಯಾಂಕಿನವರು ಎದ್ದು ನಿಂತು ಕುರ್ಚಿ ಕೊಡತೊಡಗಿದರು. ಇಂಗ್ಲಿಷಿನ ಇಂಜಿನಿಯರುಗಳಿಗೆಲ್ಲ ನಾನು ಕನ್ನಡದಲ್ಲೇ ಬೈದು ಕೆಲಸ ತೆಗೆದೆ.

ಈ ಕಸುಬಿನಲ್ಲಿ ಇಟ್ಟಿಗೆ, ಕಬ್ಬಿಣ ಎಲ್ಲ ಆಮೇಲೆ. ನಾವು ಮೊದಲು ಮಾರುವುದು ತಾರೀಖನ್ನು. ಇಂಥ ತಿಂಗಳು ಕೀ ಕೊಡ್ತೀನಿ ಅನ್ನುವ ಒಂದು ಮಾತು ನಂಬಿ ಜನ ಬಾಡಿಗೆ ಮನೆಯಲ್ಲಿ ಕಾಯುತ್ತಾರೆ. ಬೆಂಗಳೂರಿನಲ್ಲಿ ಒಂದೆರಡು ತಿಂಗಳು ಆಚೀಚೆ ಆದರೂ ನಾನು ಕೊಟ್ಟವನೇ. ಹುಟ್ಟಿದ ಊರಿನ ಹತ್ತಿರ ಕಟ್ಟೋಣ ಅಂತ ಬಂದೆ ನೋಡು, ಇಲ್ಲಿ ಸಿಕ್ಕಿಹಾಕಿಕೊಂಡೆ. ಮನೆಗಳು ಎದ್ದು ನಿಂತವು, ಒಳಗೆ ಬರುವ ದಾರಿಯ ಒಂದು ತುಂಡು ನನ್ನದು ಅಂತ ಪಕ್ಕದ ಜಮೀನಿನವನು ಕೋರ್ಟಿಗೆ ಹೋದ. ನಾಲ್ಕು ವರ್ಷ. ಪ್ರತಿ ಸಲ ಮುಂದಿನ ತಿಂಗಳು ಅಂತ ಹೇಳಿ ಹೇಳಿ, ಕೊಂಡವರು ವಾಟ್ಸಾಪಿನಲ್ಲಿ ನನಗೆ ‘ಮುಂದಿನ್ ತಿಂಗ್ಳು ರಾಮಪ್ಪ’ ಅಂತ ಹೆಸರಿಟ್ಟರು. ಅವರ ಮುಂದಾಳು ಕದಿರೇಶ್ ಅಂತ, ಕೋಲಾರದ ಕಾಲೇಜಿನಲ್ಲಿ ಲೆಕ್ಚರರು. ಆಫೀಸಿನ ಮುಂದೆ ಧರಣಿ ಕೂತವನೂ ಅವನೇ.

ಹೋದ ತಿಂಗಳು ಕೇಸು ಮುಗಿದು ದಾರಿ ಬಿಟ್ಟುಕೊಟ್ಟರು. ಕೀ ತಗೊಳ್ಳಿ ಅಂದರೆ ಒಬ್ಬರೂ ಬರಲಿಲ್ಲ. “ಕದಿರೇಶ್ ಸಾರ್ ಒಳಗೋದ್ರೆ ನಾವೂ ಓಗ್ತೀವಿ” ಅಂದರು. ಅವನನ್ನು ಒಪ್ಪಿಸಿ ಹೋದ ಭಾನುವಾರ ಬೆಳಿಗ್ಗೆ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದೆ. ಅವನು ಒಳಗೆ ಕಾಲಿಟ್ಟರೆ ನನ್ನ ಮಾತು ಉಳಿಯಿತು, ಇಲ್ಲದಿದ್ದರೆ ಸಾಯುವವರೆಗೂ ನಾನು ಮುಂದಿನ್ ತಿಂಗ್ಳು ರಾಮಪ್ಪನೇ.

ಕಾರು ಮಾಲೂರು ದಾಟುತ್ತಿತ್ತು. ವಾಚ್‌ಮನ್ ಮುನಿಯಲ್ಲಪ್ಪ ಫೋನ್ ಮಾಡಿದ. ಇವನು ಮುಳಬಾಗಿಲು ಕಡೆ ದೇವರಾಯಸಮುದ್ರದವನು.

“ಸಾರ್, ಆವು ಒಳಕ್ ನುಗ್ಬಿಡ್ತು! ಈಚೆಗೇ ಬರ್ತಾ ಇಲ್ಲ!”

ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವಲ್ಲ. ಹಾಲು ಆಲು, ಹಾವು ಆವು. ಕಾರು ಪಕ್ಕಕ್ಕೆ ಹಾಕಿಸಿದೆ.

“ಎಲ್ಲೈತೋ?”

“ಕದಿರೇಶ್ ಸಾರ್ ಮನೇಲಿ, ದೇವ್ರ ಮನೆ ಮುಂದೇನೇ. ಅತ್ರ ಓದ್ರೆ ಬುಸ್ ಅಂತೈತೆ.”

“ದೊಡ್ಡದೇನ್ಲಾ?”

“ಶಾನೆ ದೊಡ್ಡದು ಸಾರ್. ಕರ್ರಗೈತೆ.”

“ಮುಟ್ಬೇಡ, ಬಾಗ್ಲು ಎಳ್ಕೊ, ಯಾರನ್ನೂ ಒಳಗ್ ಬಿಡ್ಬೇಡ, ಮುಂಡೇದೆ!” ಅಂತ ಕೂಗಿ, ಮಾಲೂರಿನ ಹಾವು ಹಿಡಿಯುವವನಿಗೆ ಫೋನ್ ಮಾಡಿಸಿದೆ.

ನಾನು ಹೋಗುವಷ್ಟರಲ್ಲಿ ಗೇಟಿನ ಮುಂದೆ ಜಾತ್ರೆ. ಅರವತ್ತು ಮನೆಯವರೂ ನೋಡಲು ಬಂದಿದ್ದಾರೆ. ಪುರೋಹಿತರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಒಳಗೆ ಹಾವಿದೆ, ಸ್ವಲ್ಪ ತಡೀರಿ ಅಂದೆ ಅಷ್ಟೇ. ಕದಿರೇಶನ ಮುಖ ಕೆಂಪಾಯಿತು.

“ಮೊದಲು ಮರಳು ಸಿಗ್ಲಿಲ್ಲ ಅಂದ್ರಿ. ಆಮೇಲೆ ಕೋರ್ಟು ಅಂದ್ರಿ. ಈಗ ಹಾವಾ? ನಾಚ್ಕೆ ಆಗಲ್ವಾ ನಿಮಗೆ?”

“ಲೇ, ಕಚ್ಚಿದ್ರೆ ನಿನ್ನನ್ನೇ ಕಚ್ಚೋದು ಕಣಯ್ಯಾ, ನನ್ನನ್ನಲ್ಲ!” ಅಂತ ನಾನೂ ಕೂಗಿದೆ. ಹಿಂದೆ ನಿಂತಿದ್ದವರು ಒಬ್ಬೊಬ್ಬರೇ ಕಾರಿನ ಕಡೆ ತಿರುಗಿದರು. ಶ್ರೀವಾಣಿ, ಕೋರ್ಟಿನ ಕಟ್ಟೆ ಮೇಲೆ ಕೂತಾಗಲೂ ನನಗೆ ಅಷ್ಟು ಭಯ ಆಗಿರಲಿಲ್ಲ. ಮುಗಿಯಿತು ಅಂದುಕೊಂಡೆ.

ಆಗ ಕದಿರೇಶನ ತಾಯಿ ಶ್ಯಾಮಲಮ್ಮ ಹಾಲಿನ ಪಾತ್ರೆ ಹಿಡಿದುಕೊಂಡೇ ಮುಂದೆ ಬಂದರು. ಶ್ರೀನಿವಾಸಪುರದವರು, ಮನೆಮಾತು ತೆಲುಗು. ಒಳಗೇನಿದೆ ಅಂತ ಮುನಿಯಲ್ಲಪ್ಪನನ್ನು ತೆಲುಗಿನಲ್ಲೇ ಕೇಳಿದರು: “ಏಮಪ್ಪಾ, ಲೋಪಲ ಏಮುಂದಿ?”

“ಆವು ಅಮ್ಮಾ.”

ಆಯಮ್ಮ ಒಂದು ಗಳಿಗೆ ಅವನ ಮುಖ ನೋಡಿ, ಆಮೇಲೆ ನಗಲು ಶುರುಮಾಡಿದರು ನೋಡು, ಪಾತ್ರೆಯ ಹಾಲು ಸೀರೆ ಮೇಲೆ ತುಳುಕಿತು. “ಲೇ ಕದಿರೇಶಾ, ಹಸು ಕಣೋ! ಹಸೂನ ಹಾವು ಮಾಡ್ಕೊಂಡು ನಿಂತವ್ರೆ ಇವ್ರು!”

ತೆಲುಗಿನ ಆವು ಅಂದರೆ ಹಸು. ಗಾಬರಿಯಾದರೆ ಮುನಿಯಲ್ಲಪ್ಪನಿಗೆ ಕನ್ನಡದ ಮಧ್ಯೆ ತೆಲುಗು ನುಗ್ಗುತ್ತದೆ. ತೆಲುಗು ನನಗೂ ಬರುತ್ತದೆ, ಆದರೆ ನಾಲ್ಕು ವರ್ಷದಿಂದ ಏನು ಕೇಳಿದರೂ ಕೆಟ್ಟದ್ದೇ ಕೇಳಿಸುತ್ತಿತ್ತಲ್ಲ, ಅದೇ ಕೇಳಿಸಿತು. ಗೃಹಪ್ರವೇಶಕ್ಕೆ ಅಂತ ಸೂಪರ್‌ವೈಸರ್ ಉಮೇಶ್ ನನಗೆ ಹೇಳದೆ ಪಕ್ಕದ ಊರಿಂದ ತರಿಸಿದ್ದ ಹಸು, ಹಗ್ಗ ಕಿತ್ತುಕೊಂಡು ಎಲ್ಲರಿಗಿಂತ ಮೊದಲೇ ಒಳಗೆ ಹೋಗಿ ಆರಾಮಾಗಿ ಮಲಗಿತ್ತು. ಬಾಗಿಲು ತೆರೆದರೆ ಹೊಸ ಟೈಲ್ಸ್ ಮೇಲೆ ಸಗಣಿ ಬೇರೆ ಹಾಕಿತ್ತು.

“ಮಾಲೂರಿಂದ ಬರೋನು ಏನ್ ಹಿಡೀತಾನೆ ಈಗ, ಕೊಂಬಾ?” ಅಂದ ಕದಿರೇಶ್. ಅವನೂ ನಕ್ಕುಬಿಟ್ಟಿದ್ದ. ರಸ್ತೆಯವರೆಗೆ ಹೋಗಿದ್ದ ಕಾರುಗಳು ವಾಪಸ್ ಬಂದವು. ಶ್ಯಾಮಲಮ್ಮ, “ಯಾರೂ ಕರೀದೆ ತಾನೇ ಬಂದು ಕೂತವ್ಳೆ, ಇನ್ನೇನು ಮುಹೂರ್ತ ನೋಡ್ತೀರಿ, ನಡೀರಿ” ಅಂತ ಬಲಗಾಲಿಟ್ಟರು. ಹಾಲು ಉಕ್ಕಿತು. ಹಾವು ಹಿಡಿಯುವವನು ಚೀಲ, ಕೋಲು ಹಿಡಿದುಕೊಂಡು ಸರಿಯಾಗಿ ಊಟದ ಹೊತ್ತಿಗೆ ಬಂದ. ಅವನಿಗೂ ಎಲೆ ಹಾಕಿದರು. ಕದಿರೇಶ್ ನನ್ನ ಎಲೆಗೆ ಅವನೇ ಪಾಯಸ ಬಡಿಸಿ, “ತಗೊಳ್ಳಿ ರಾಮಪ್ಪನೋರೆ” ಅಂದ. ಬರೀ ರಾಮಪ್ಪನೋರೆ! ಅವತ್ತು ಸಾಯಂಕಾಲದ ಹೊತ್ತಿಗೆ ಕೀ ಇಸಿದುಕೊಳ್ಳಲು ಆಫೀಸಿನ ಮುಂದೆ ಸಾಲು ನಿಂತಿತು. ಒಂದೊಂದನ್ನೂ ನನ್ನ ಕೈಯಾರೆ ಕೊಟ್ಟೆ.

ಈ ಕಸುಬು ಇನ್ನು ಸಾಕು. ಬೋರ್ಡು ಇಳಿಸಲು ಹೇಳಿದ್ದೇನೆ. ಎಷ್ಟೋ ವರ್ಷದ ಮೇಲೆ ನಿನ್ನೆ ಮಧ್ಯಾಹ್ನ ಒಂದು ಒಳ್ಳೆಯ ನಿದ್ದೆ ಮಾಡಿದೆ, ಫೋನು ಹೊಡೆದುಕೊಂಡರೂ ಎದೆ ಹಾರಲಿಲ್ಲ. ನಿನ್ನಮ್ಮ, “ಮನುಷ್ಯ ಆದ್ರಿ ನೀವು” ಅಂದಳು. ನಿಮ್ಮೆಲ್ಲರಿಗೂ ದೇವರು ಆಯುಷ್ಯ, ಆರೋಗ್ಯ ಕೊಡಲಿ. ಚಂದನಳಿಗೆ ನನ್ನ ಮುದ್ದು. ಅಳಿಯಂದಿರಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳು.

ಇಂತಿ ನಿನ್ನ ಅಪ್ಪ,
ಕೋದಂಡರಾಮಪ್ಪ

ತಾ.ಕ.: ಈ ಕಾಗದ ನಿಮ್ಮ ಬಾಡಿಗೆ ಮನೆಗೆ ಹೋಗದೆ ನೇರ ಹೊಸ ಮನೆಗೆ ಬಂದದ್ದು ಹೇಗೆ ಅಂತ ಯೋಚಿಸುತ್ತಿರಬೇಕು. ಕದಿರೇಶನ ಮನೆ ಊಟದಲ್ಲಿ ಟೈಲ್ಸ್‌ನವನು ನನ್ನ ಪಕ್ಕ ಕೂತಿದ್ದ. “ನಿಮ್ ಮಗಳ ಫ್ಲಾಟಿಗೂ ನಾವೇ ಸಾರ್ ಹಾಕಿದ್ದು, ಆ ಬಿಲ್ಡರ್ರು ಹೇಳಿದ್ ತಿಂಗ್ಳಿಗೇ ಕೀ ಕೊಟ್ಬಿಟ್ರು” ಅಂದ. ವಿಳಾಸ ಅವನೇ ಕೊಟ್ಟ. ನಿನ್ನಮ್ಮ ಮಾಘದಲ್ಲಿ ಕೋಲಾರಕ್ಕೆ, ನಿನ್ನ ಮಾವನ ಮಗಳು ಅನಿತಳ ಸೀಮಂತಕ್ಕೆ ಅಂತ ಹೋದವಳು ಯಾರ ಗೃಹಪ್ರವೇಶಕ್ಕೆ ಹೋಗಿದ್ದಳು ಅಂತ ಈಗ ಗೊತ್ತಾಯಿತು. ಅವಳನ್ನು ಕೇಳಿಲ್ಲ, ನೀನೂ ಹೇಳಬೇಡ. ನಿನ್ನ ಮದುವೆಯಲ್ಲಿ, ನಾನು ಕಟ್ಟಿದ್ದರಲ್ಲೇ ನಿನಗೊಂದು ಮನೆ ಅಂದಾಗ ನೀನು ತಲೆ ಬಗ್ಗಿಸಿ “ನೋಡೋಣಪ್ಪ” ಅಂದಿದ್ದೆ. ನಾಚಿಕೆ ಅಂದುಕೊಂಡಿದ್ದೆ. ವಾರದಿಂದ ಕೋಪ ಮಾಡಿಕೊಳ್ಳೋಣ ಅಂತ ನೋಡುತ್ತಿದ್ದೇನೆ, ಈ ಒಂದಕ್ಕೆ ಮಾತ್ರ ಬರುತ್ತಿಲ್ಲ. ಒಂದು ದಿನ ಊಟಕ್ಕೆ ಕರೆ. ಗೋಡೆ ತಟ್ಟಿ ನೋಡುವುದಿಲ್ಲ, ಬಾಗಿಲ ಸಂದು ನೋಡುವುದಿಲ್ಲ, ಯಾರು ಕಟ್ಟಿದ್ದು ಅಂತ ಕೇಳುವುದಿಲ್ಲ. ಬಾಯಿ ಮುಚ್ಚಿಕೊಂಡು ಉಂಡು ಬರುತ್ತೇನೆ. ಈ ಒಂದು ಮಾತನ್ನಾದರೂ ನಂಬು.