ನಿಂಬೆಯ ಹೀಚು

ಮಾರ್ಚ್ 16, ಭಾನುವಾರ

ಎಂದಿನಂತೆ ಕಾಫಿ ಮುಗಿಸಿ ಕುಂಚ ಹಿಡಿದು ನಿಂಬೆ ಗಿಡದ ಮುಂದೆ ಕೂತೆ. ಚಳಿ ಪೂರ್ತಿ ಹೋಗುವ ತನಕ ಕುಂಡ ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ. ಮನೆಯೊಳಗೆ ಜೇನುಹುಳ ಎಲ್ಲಿಂದ ಬರಬೇಕು — ಅದರ ಕೆಲಸ ನನ್ನದು. ಒಂದು ಹೂವಿನ ಪರಾಗ ತೆಗೆದು ಇನ್ನೊಂದರ ನಡುವಿನ ಅಂಟುತುದಿಗೆ ಸವರುವುದು. ಎರಡು ವರ್ಷದಿಂದ ಒಂದೂ ಕಾಯಿ ಕಚ್ಚಿಲ್ಲ. ಈ ಸಲ ಬಿಡುವುದಿಲ್ಲ.

ಗುರುರಾಜ್ ನಗುತ್ತಾರೆ. “ಇಂದೂ, ಆಫೀಸ್ ಕೆಲಸದಲ್ಲೂ ಇಷ್ಟು ಶ್ರದ್ಧೆ ಇಲ್ಲ ನಿಂಗೆ.”

ಮಾರ್ಚ್ 19

ಕೆಳಗಿನ ಕೊಂಬೆ ಬೋಳು. ಹೂವೆಲ್ಲ ದೇವರ ಮುಂದೆ.

“ಅಮ್ಮಾ, ಇದನ್ನ ಕೀಳ್ಬೇಡ ಅಂದಿದ್ನಲ್ಲ?”

“ನಾನೆಲ್ಲಿ ಕಿತ್ತೆ? ಅಳಿಯಂದ್ರು ಕಿತ್ತಿರ್ಬೇಕು.”

ಅಮ್ಮನ ಬೆರಳಲ್ಲಿ ಇನ್ನೂ ಹೂವಿನ ವಾಸನೆ ಇತ್ತು. ಸುಳ್ಳಲ್ಲ, ನಿಜಕ್ಕೂ ನೆನಪಿಲ್ಲ. ಮೈಸೂರಿನಿಂದ ಅಮೆರಿಕದ ಈ ಕಾಪೆಲ್‌ಗೆ ಕರೆತಂದಾಗ ಇಷ್ಟಿರಲಿಲ್ಲ. ಡಾಕ್ಟರ್ ಕಾಯಿಲೆಗೆ ಒಂದು ಹೆಸರು ಹೇಳಿದ್ದಾರೆ. ಬರೆಯಲು ಮನಸ್ಸಿಲ್ಲ.

ಅಂಗಡಿಯಿಂದ ಹೂ ತಂದುಕೊಟ್ಟೆ. “ಘಮವೇ ಇಲ್ಲ” ಎಂದು ಪಕ್ಕಕ್ಕಿಟ್ಟಳು.

ಮಾರ್ಚ್ 24

ಕುಂಡ ಹಿತ್ತಲಿಗೆ ಬಂತು. ಮಧ್ಯಾಹ್ನದೊಳಗೆ ಜೇನುಹುಳ! ಎಷ್ಟು ಖುಷಿಯಾಯಿತು...

ಸಂಜೆ ನೋಡಿದರೆ ಅಮ್ಮ ಗಿಡದ ಮುಂದೆ, ಅಂಗೈ ತುಂಬ ಮೊಗ್ಗು. ಕೂಗಾಡಿದೆ. ಪಕ್ಕದ ಮನೆಗೆ ಕೇಳಿಸುವ ಹಾಗೆ. “ಕದ್ದು ಕೀಳ್ತೀಯಲ್ಲ, ನಾಚ್ಕೆ ಆಗಲ್ವಾ?” ಅಮ್ಮ ಮೊಗ್ಗುಗಳನ್ನು ಒಂದೊಂದಾಗಿ ಕುಂಡದ ಮಣ್ಣಿನ ಮೇಲಿಟ್ಟಳು.

ಗುರುರಾಜ್‌ಗೆ ಹೇಳಿ ಹಿತ್ತಲ ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿದೆ. ಅಮ್ಮನ ಕೈಗೆ ಎಟುಕುವುದಿಲ್ಲ.

ಮಾರ್ಚ್ 28. ಆಸ್ಪತ್ರೆಯಲ್ಲಿ

ಮೀಟಿಂಗ್‌ನಲ್ಲಿದ್ದೆ. ಕೋಣೆಯಿಂದ ಈಚೆ ಬಂದಾಗ ಮುಂಬಾಗಿಲು ತೆರೆದಿತ್ತು.

ಹಿಂದಿನ ಬೀದಿಯ ಯಾರದೋ ಮನೆ. ಅಮ್ಮ ಅಲ್ಲಿ ಗುಲಾಬಿ ಕೀಳುತ್ತಿದ್ದಳಂತೆ. ನಾಯಿ ಬೊಗಳಿದೆ, ಹೆದರಿ ಓಡಲು ಹೋಗಿ ರಸ್ತೆಗೆ ಬಿದ್ದಿದ್ದಾಳೆ. ಆ ಮನೆಯಾಕೆಯೇ ಆಂಬ್ಯುಲೆನ್ಸ್ ಕರೆದದ್ದು. ನಾನು ಹೋಗುವವರೆಗೂ ಪಕ್ಕದಲ್ಲೇ ಕೂತಿದ್ದಳು, ಪಾಪ.

ಸೊಂಟದ ಮೂಳೆ ಮುರಿದಿದೆ. ನಾಳೆ ಆಪರೇಷನ್.

ಮುಂಬಾಗಿಲು ನನಗೆ ಹೊಳೆಯಲೇ ಇಲ್ಲ. ಹೂ ಕಾಯುವುದೊಂದೇ ತಲೆಯಲ್ಲಿ.

ಏಪ್ರಿಲ್ 6

ಮೂಳೆ ಕೂಡಿಸಿದ್ದಾರೆ. ತಲೆ ಸರಿಹೋಗುತ್ತಿಲ್ಲ. ಟ್ಯೂಬ್ ಕಿತ್ತುಕೊಳ್ಳುತ್ತಾಳೆ, ಊಟ ಬೇಡವೆನ್ನುತ್ತಾಳೆ. ಚೇತರಿಕೆಗೆಂದು ರಿಹ್ಯಾಬ್‌ಗೆ ಶಿಫ್ಟ್ ಮಾಡಿದರು. ಅಲ್ಲಿನ ನರ್ಸ್ “ಮಿಸ್ ಅಲಮೇಲು” ಎಂದು ಕರೆದರೆ ತಿರುಗುತ್ತಾಳೆ. ನಾನು ಅಮ್ಮಾ ಅಂದರೆ ಇಲ್ಲ.

ಏಪ್ರಿಲ್ 20

ಬಹಳ ದಿನದ ಮೇಲೆ ಹಿತ್ತಲಿಗೆ ಹೋದೆ. ಗಿಡದ ಬುಡದ ತುಂಬ ಹೀಚು. ಮೆಣಸಿನ ಕಾಳಿನಷ್ಟು ಪುಟ್ಟವು, ಹಸಿರು. ಯಾರೂ ಮುಟ್ಟದೆ ಉದುರಿದ್ದು.

ಗುರುರಾಜ್ ಫೋನಿನಲ್ಲಿ ಹುಡುಕಿ ಓದಿದರು. “ಇದು ಮಾಮೂಲಂತೆ. ನೂರು ಹೂ ಬಿಟ್ರೆ ನಿಲ್ಲೋದು ಮೂರೋ ನಾಲ್ಕೋ. ಮಿಕ್ಕಿದ್ದನ್ನ ಗಿಡವೇ ಉದುರಿಸಿಬಿಡುತ್ತಂತೆ.”

“ಹಾಗಾದ್ರೆ ಅಮ್ಮ ಕಿತ್ತಿದ್ದು?”

“ಅದೇನು ಮಹಾ...” ಎಂದವರು ಫೋನ್ ಜೇಬಿಗಿಟ್ಟುಕೊಂಡು ಒಳಗೆ ಹೋದರು.

ಕೊಂಬೆಯ ಮೇಲೆ ಕೆಲವು ಉಳಿದಿವೆ. ನೋಡಲಾಗಲಿಲ್ಲ.

ಮೇ 3

ಅಮ್ಮನ ಎದೆಯಲ್ಲಿ ಕಫ ಕಟ್ಟಿದೆ. ಜ್ವರ ಇಳಿದಿಲ್ಲ. ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಂದರು ಡಾಕ್ಟರ್.

ಮಧ್ಯಾಹ್ನ ಕಣ್ಣುಬಿಟ್ಟು ನನ್ನನ್ನೇ ದಿಟ್ಟಿಸಿದಳು. ಹತ್ತಿರ ಬಾ ಎಂದು ಸನ್ನೆ. ಬಗ್ಗಿದೆ.

“ನರ್ಸಮ್ಮಾ, ಒಂದು ಉಪಕಾರ ಮಾಡ್ತೀರಾ? ನಾನು ಬಿದ್ದಿದ್ದು ನನ್ನ ಮಗಳಿಗೆ ಹೇಳ್ಬೇಡಿ.”

“ಯಾಕಮ್ಮಾ?”

“ನಮ್ಮ ಇಂದು ಬೈತಾಳೆ.”

“ಇಲ್ಲಮ್ಮಾ, ಬೈಯಲ್ಲ.”

“ನಿಮಗೆ ಗೊತ್ತಿಲ್ಲ ಅವಳು” ಎಂದು ನನ್ನ ಕೈ ಹಿಡಿದುಕೊಂಡಳು. ಸುಡುತ್ತಿತ್ತು. ಹೇಳಲ್ಲ ಅಂತ ಮಾತು ಕೊಡಿ, ಅಂದಳು.

ಕೊಟ್ಟೆ. ನಾನೇ ನಿನ್ನ ಇಂದು ಎಂದು ಆಗ ಹೇಳಬಹುದಿತ್ತು. ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಅವಳು ನನ್ನ ಕೈ ಹಿಡಿದುಕೊಂಡೇ ನಿಶ್ಚಿಂತೆಯಿಂದ ನಿದ್ದೆಹೋಗಿದ್ದಳು.