ಹತ್ತನೆಯ ಹೆಸರು

ಚಿದ್ರಿ, ಬೀದರ
20 ಜುಲೈ 2025, ಭಾನುವಾರ

ಪ್ರೀತಿಯ ಅನುಗ್ರಹನ ಪಪ್ಪಾ ಅವರಿಗೆ,

ಕೆಮ್ಮು ಕಡಿಮೆಯಾಯಿತೇ? ಸಂತಪುರದ ಡಾಕ್ಟರು ಕೊಟ್ಟ ಗುಳಿಗೆ ಮುಗಿಸಿದಿರೋ, ಎಂದಿನಂತೆ ಅರ್ಧಕ್ಕೇ ಬಿಟ್ಟಿರೋ? ಇಲ್ಲಿ ನಾವಿಬ್ಬರೂ ದೇವರ ದಯದಿಂದ ಚೆನ್ನಾಗಿದ್ದೇವೆ. ಅನುಗ್ರಹ ಇಂದು ಚರ್ಚಿನಲ್ಲಿ ತಪ್ಪಿಲ್ಲದೆ ಕೀರ್ತನೆ ಓದಿದ, ನೀವು ಕೇಳಬೇಕಿತ್ತು. ನಿಮ್ಮ ಹಳ್ಳಿ ಶಾಲೆಯ ಗೋಡೆಗೆ ಬಣ್ಣ ಹಚ್ಚುವ ನೆಪದಲ್ಲಿ ನೀವು ಎರಡು ವಾರದಿಂದ ಮನೆಗೆ ಬಂದಿಲ್ಲ. ಈಗ ಹೇಳಲಿರುವ ಮಾತನ್ನು ಫೋನಿನಲ್ಲಿ ತೆಗೆದರೆ ನಗಿಸಿ ಮುಗಿಸುತ್ತೀರಿ. ಅದಕ್ಕೇ ಬರೆದು ನಿಮ್ಮೂರ ಬಸ್ಸಿನ ಕಂಡಕ್ಟರ್ ಗೋರಖನಾಥರ ಕೈಗೆ ಕೊಡುತ್ತಿದ್ದೇನೆ.

ನನ್ನ ಐದನೆಯ ತರಗತಿಯಲ್ಲಿ ಅರವತ್ತಮೂರು ಮಕ್ಕಳು ಕೂರುತ್ತಾರೆ. ಇಲಾಖೆಯ ಆನ್‌ಲೈನ್ ಪಟ್ಟಿಯಲ್ಲಿರುವುದು ಐವತ್ತೆರಡು. ಉಳಿದವರು ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಹಳೆಯ ಶಾಲೆಗಳು ಅವರ ಹೆಸರು ಬಿಟ್ಟುಕೊಟ್ಟಿಲ್ಲ. ಹೆಸರಿಲ್ಲದವರಿಗೆ ಪುಸ್ತಕವಿಲ್ಲ, ನನಗೆ ಇನ್ನೊಬ್ಬ ಶಿಕ್ಷಕರೂ ಇಲ್ಲ. ಭಾಲ್ಕಿಯ ತರಬೇತಿಯಲ್ಲಿ ಇದನ್ನು ಕೇಳಿದ್ದಕ್ಕೆ, ಅಲ್ಲಿದ್ದ ಸಾಹೇಬರು, "ಒಬ್ಬ ಮಾಸ್ತರಿಗೆ ಎಷ್ಟು ಮಕ್ಕಳು ಅನ್ನೋ ಜಿಲ್ಲಾದ ಸರಾಸರಿ ಛಲೋ ಅದ ಅಲ್ರೀ ಮೇಡಂ, ಸುಮ್ನ ಯಾಕ ತ್ರಾಸ ಮಾಡ್ಕೋತೀರಿ" ಎಂದರು. ಪೇಪರಿನಲ್ಲಿ ಬಂದ ದೇಶದ ಜನಸಾಂದ್ರತೆಯ ನಕ್ಷೆಯನ್ನು ನೀವೇ ಕತ್ತರಿಸಿ ಇಟ್ಟಿದ್ದೀರಲ್ಲ, ಅದನ್ನು ಮತ್ತೆ ತೆಗೆದು ನೋಡಿದೆ. ಚದರ ಕಿಲೋಮೀಟರಿಗೆ 1951ರಲ್ಲಿ 117 ಜನ, 2011ರಲ್ಲಿ 382. ನಮ್ಮ ಜಿಲ್ಲೆಗೆ 313 ಎಂದು ಪೂರ್ತಿ ಒಂದೇ ಬಣ್ಣ. ಆ ಒಂದೇ ಬಣ್ಣದೊಳಗೆ ನಿಮ್ಮ ಬೆಂಚುಗಳು ಖಾಲಿ, ನನ್ನ ಮಕ್ಕಳು ಹೊಸ್ತಿಲ ಮೇಲೆ ಕೂತು ಬರೆಯುತ್ತಾರೆ.

ಶುಕ್ರವಾರ, ಹೆಸರಿಲ್ಲದವರಲ್ಲಿ ಒಬ್ಬಳಾದ ಬಸವೇಶ್ವರಿ ಎಂಬ ಹುಡುಗಿಯ ವಿದ್ಯಾರ್ಥಿ ನಂಬರನ್ನು ಆನ್‌ಲೈನಿನಲ್ಲಿ ಹಾಕಿ ನೋಡಿದೆ. ಬಂದದ್ದು ನಿಮ್ಮ ಶಾಲೆಯ ಹೆಸರು. ಅವಳೂರಿನ ಇನ್ನಿಬ್ಬರದೂ ಅದೇ. "ಹತ್ತು ಮಂದಿ ಅದಾರ, ಸಾಲಿಗೇನೂ ಭಯ ಇಲ್ಲ" ಎಂದು ಈಸ್ಟರಿನಲ್ಲಿ ಹೇಳಿದ್ದಿರಿ. ನಿಜವಾಗಿ ಬರುವವರು ನಾಲ್ವರೇ ಎಂದು ಹುಡುಗಿ ಬೆರಳು ಮಡಿಸಿ ಹೇಳಿದಳು. ಹತ್ತಕ್ಕಿಂತ ಇಳಿದರೆ ಶಾಲೆ ಮುಚ್ಚಬಹುದೆಂಬ ನಿಮ್ಮ ಭಯ ನನಗೆ ಗೊತ್ತು. ಆ ನಾಲ್ವರು ಹಳ್ಳ ದಾಟಿ ಪಕ್ಕದೂರಿಗೆ ನಡೆಯಬೇಕಾದೀತು ಎಂಬುದೂ ಗೊತ್ತು. ಆದರೆ ಹಾಜರಿ ಪುಸ್ತಕದಲ್ಲಿ ಒಂದು ಗೆರೆ ತಪ್ಪು ಹಾಕದವರು ನೀವು. "ಇವತ್ತಿಲ್ಲ ನಾಳಿ ಹೊಳ್ಳಿ ಬರ್ತಾರ ತಗೋ" ಎನ್ನಬೇಡಿ. ಅವಳಪ್ಪ ಇಲ್ಲಿ ತಗಡಿನ ಮನೆ ಹಾಕಿ ಲೈಟಿನ ಮೀಟರೂ ಕೂರಿಸಿದ್ದಾನೆ. ಅವಳು ಹೆಸರಿಲ್ಲದವಳೆಂಬುದನ್ನು ಮರೆತು ಪುಸ್ತಕ ಎಲ್ಲಿ ಎಂದು ಗದರಿದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಪುಸ್ತಕ ನಮ್ಮೂರ ಸಾಲ್ಯಾಗ ಅದಾವ್ರಿ ಟೀಚರ. ನನ್ನ ಹೆಸರೂ ಅಲ್ಲೇ ಅದರಿ. ನಾ ಅಷ್ಟೇ ಇಲ್ಲಿ ಬಂದೀನ್ರಿ." ಆಮೇಲೆ ನನಗೆ ಪಾಠ ಮಾಡಲಾಗಲಿಲ್ಲ.

ಪ್ರಭು ನಿಮ್ಮನ್ನು ಕಾಪಾಡಲಿ. ಬಿಸಿನೀರು ಕುಡಿಯಿರಿ.

ಸಿಟ್ಟಿನಲ್ಲಿದ್ದರೂ ನಿಮ್ಮವಳೇ,
ಹೆಲೆನ

ಮರೆತಿದ್ದೆ: ಬಸವೇಶ್ವರಿಯ ಹೆಸರನ್ನು ನಮ್ಮ ಶಾಲೆಗೆ ಬಿಟ್ಟುಕೊಡಿ ಎಂದು ಶುಕ್ರವಾರವೇ ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದೇನೆ. ಅದು ನಿಮ್ಮ ಒಪ್ಪಿಗೆಗೆ ಕಾದಿದೆ. ಕೊಟ್ಟರೆ ನಿಮ್ಮಲ್ಲಿ ಒಂಬತ್ತು. ನಿನ್ನೆ ಎರಡು ಸಲ "ಬಂತೇನ್ರಿ ಟೀಚರ" ಎಂದು ಕೇಳಿದಳು. "ನಮ್ಮೂರ ಸರ್ ಭಾಳ ಛಲೋ ಅದಾರ್ರಿ, ಕೊಡ್ತಾರ್ರಿ" ಎಂದೂ ಅವಳೇ ಹೇಳಿದಳು. ಆ ಸರ್ ನನಗೇನಾಗಬೇಕೆಂದು ಅವಳಿಗೆ ಹೇಳಿಲ್ಲ. ನಿಮ್ಮ ಒಪ್ಪಿಗೆ ಬಂದ ಮೇಲೆ ಹೇಳುತ್ತೇನೆ.